ಎಮೆರಿ ಕಾಗದ ಹಿಡಿಯುವ ಮೊದಲು

ನಾನು ಬದಿಯಡ್ಕದ ಹತ್ತಿರ ಒಂದು ಲೇತ್ ವರ್ಕ್‌ಶಾಪಿನಲ್ಲಿ ಫಿಟ್ಟರ್. ಪಂಪ್‌ಸೆಟ್ಟಿನ ಶಾಫ್ಟ್, ಅಡಿಕೆ ಸುಲಿಯುವ ಮೆಷಿನ್ನಿನ ಬೇರಿಂಗ್, ದಿನಾ ಬರುವುದು ಇಂಥವೇ. ಕಳೆದ ಮಳೆಗಾಲದಲ್ಲಿ ಒಬ್ಬರು ಅಜ್ಜನ ಕಾಲದ ಸ್ಟೀಮ್ ಎಂಜಿನ್ ತಂದಿಳಿಸಿದರು. ಒಂದೇ ಸಿಲಿಂಡರ್, ಎದೆಯೆತ್ತರದ ಫ್ಲೈವೀಲ್. ಹಿಂದೆ ಎಣ್ಣೆಮಿಲ್ಲಿನಲ್ಲಿತ್ತಂತೆ. "ಇದು ಒಮ್ಮೆ ತಿರುಗುವುದನ್ನು ನೋಡಬೇಕು" ಅಂದರು.

ಪಿಸ್ಟನ್ ಕಚ್ಚಿಕೊಂಡಿತ್ತು. ಸುತ್ತಿಗೆ ಎತ್ತಲಿಲ್ಲ. ಎರಕದ ಕಬ್ಬಿಣ ಪೆಟ್ಟು ಬಿದ್ದರೆ ಬಾಗುವುದಿಲ್ಲ, ಒಡೆದೇ ಹೋಗುತ್ತದೆ. ಸೀಮೆಎಣ್ಣೆ, ಡೀಸೆಲ್ ಬೆರೆಸಿ ಹೊಯ್ದು ಹನ್ನೆರಡು ದಿನ ಸುಮ್ನೆ ಬಿಟ್ಟೆವು. ಆಮೇಲೆ ಇಬ್ಬರು ಫ್ಲೈವೀಲ್ ತಳ್ಳಿದಾಗ ಬೆರಳಿನಷ್ಟು ಸರಿಯಿತು. ಆ ದಿನದ ಖುಷಿ ಇನ್ನೂ ನೆನಪಿದೆ.

ತಪ್ಪು ಮಾಡಿದ್ದು ಅದರ ನಂತರ. ಬಿಚ್ಚಿದ ನಟ್ಟು ಬೋಲ್ಟುಗಳನ್ನೆಲ್ಲ ಅಡಿಕೆ ಹಾಳೆಗಳ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದೆ. ಆದರೆ ಶಾಫ್ಟಿನ ತುಕ್ಕು ನೋಡಿ ತಡೆಯಲಾಗದೆ ಎಮೆರಿ ಕಾಗದದಲ್ಲಿ ತಿಕ್ಕಿ ಹೊಳೆಯುವಂತೆ ಮಾಡಿದೆ. ಮೇಸ್ತ್ರಿಯವರು ಬಂದು ಬೆರಳಾಡಿಸಿ ಕೇಳಿದರು: "ತಮ್ಮಾ, ಇಲ್ಲೊಂದು ಉಳಿಗೆರೆ ಇತ್ತಲ್ಲ, ಎಲ್ಲಿ ಹೋಯ್ತು?"

ಅಲ್ಲೇ ಕೂರುವುದು ಎಕ್ಸೆಂಟ್ರಿಕ್. ಅಂದರೆ ಶಾಫ್ಟಿನ ಮೇಲೆ ನಡು ತಪ್ಪಿಸಿ ಕೂರಿಸಿದ ಚಕ್ರ. ಸಿಲಿಂಡರಿನ ಎರಡೂ ತುದಿಗೆ ಸರದಿಯಂತೆ ಆವಿ ಬಿಡುವ ಸ್ಲೈಡ್ ವಾಲ್ವನ್ನು ಹಿಂದೆ ಮುಂದೆ ಎಳೆಯುವುದು ಅದೇ. ಅದು ಸರಿಯಾದ ಕೋನದಲ್ಲಿ ಕೂರದಿದ್ದರೆ ಆವಿ ತಪ್ಪು ಹೊತ್ತಿಗೆ ಒಳಗೆ ಹೋಗುತ್ತದೆ. ಹಿಂದಿನ ಫಿಟ್ಟರ್ ಆ ಜಾಗಕ್ಕೆ ಗುರುತು ಕೊರೆದಿಟ್ಟಿದ್ದ. ನಾನು ಅದನ್ನೇ ತಿಕ್ಕಿ ತೆಗೆದಿದ್ದೆ.

ಮೇಸ್ತ್ರಿಯವರು ಬೈಯಲಿಲ್ಲ. ಸೀಮೆಸುಣ್ಣ ತರಿಸಿದರು. ಮೊದಲು ಪಿಸ್ಟನ್ ಪೂರಾ ಕೊನೆಗೆ ತಲುಪುವ ಜಾಗ ಹುಡುಕಬೇಕು. ಕಣ್ಣಳತೆಯಲ್ಲಿ ಅದು ಸಿಗುವುದಿಲ್ಲ, ಯಾಕೆಂದರೆ ಕೊನೆಯ ಹತ್ತಿರ ಫ್ಲೈವೀಲ್ ಎಷ್ಟೋ ತಿರುಗಿದರೂ ಪಿಸ್ಟನ್ ಅಲುಗಿದ್ದೇ ಕಾಣುವುದಿಲ್ಲ. ಅದಕ್ಕೆ ಕೊನೆಗಿಂತ ಒಂದಿಂಚು ಮೊದಲೇ ನಿಲ್ಲಿಸಿ, ಪಿಸ್ಟನ್ ರಾಡಿನ ತುದಿಯಲ್ಲಿ ಅದರ ಜೊತೆಗೇ ಜಾರುವ ಕ್ರಾಸ್‌ಹೆಡ್ ಪಕ್ಕ ಒಂದು ಗೆರೆ, ಫ್ಲೈವೀಲ್ ಮೇಲೆ ಒಂದು ಗೆರೆ ಎಳೆದೆವು. ಮುಂದೆ ತಿರುಗಿಸಿ, ಕ್ರಾಸ್‌ಹೆಡ್ ವಾಪಸ್ ಅದೇ ಗೆರೆಗೆ ಬಂದಾಗ ಫ್ಲೈವೀಲ್ ಮೇಲೆ ಇನ್ನೊಂದು ಗೆರೆ. ಆ ಎರಡರ ಸರಿ ನಡುವೆ ನಿಜವಾದ ಕೊನೆ. ಇಷ್ಟು ಸರಳ, ಅಲ್ವಾ? ಆದರೂ ಎರಡೂ ತುದಿಗೆ ಮಾಡಿ ಮುಗಿಸುವಾಗ ಸಂಜೆಯಾಗಿತ್ತು.

ಪಿಸ್ಟನ್ ಆ ಕೊನೆಗಳಲ್ಲಿ ನಿಂತಾಗ ಎರಡು ತುದಿಯಲ್ಲಿ ವಾಲ್ವು ತೆರೆಯುವ ಸಂದು ಹೆಚ್ಚು ಕಡಿಮೆಯಿದ್ದರೆ ವಾಲ್ವ್ ರಾಡಿನ ಉದ್ದ ಸರಿಮಾಡಬೇಕು. ಎರಡೂ ಸಮ ಇದ್ದು, ಜಾಸ್ತಿಯೋ ಕಮ್ಮಿಯೋ ಆಗಿದ್ದರೆ ಎಕ್ಸೆಂಟ್ರಿಕ್ ತಿರುಗಿಸಬೇಕು. ಎರಡನ್ನೂ ಒಟ್ಟಿಗೆ ಮುಟ್ಟಿದರೆ ದಾರಿ ತಪ್ಪಿದ ಹಾಗೆಯೇ. ನಾವು ಮೂರು ದಿನ ಅದರಲ್ಲೇ ಕಳೆದೆವು.

ಹಳೆ ಬಾಯ್ಲರನ್ನು ನಾವು ಉರಿಸಲಿಲ್ಲ. ತಗಡು ತೆಳ್ಳಗಾಗಿತ್ತು. ನೀರು ಕುದಿದು ಆವಿಯಾಗುವಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ, ಅದರ ಜೊತೆ ಧೈರ್ಯ ತೋರಿಸಬಾರದು. ಕಂಪ್ರೆಸರಿನ ಗಾಳಿ ಕೊಟ್ಟೆವು. ಮೊದಲು ಒಂದು ಉಸಿರು ಜೋರು, ಇನ್ನೊಂದು ಮೆಲ್ಲಗೆ ಬರುತ್ತಿತ್ತು, ಕುಂಟಿದ ಹಾಗೆ. ರಾಡನ್ನು ನಟ್ಟಿನ ಅರ್ಧ ಸುತ್ತು ಬಿಗಿ ಮಾಡಿದಾಗ ಎರಡೂ ಸಮವಾದವು. ತಂದವರು ಫ್ಲೈವೀಲನ್ನೇ ನೋಡುತ್ತಾ ತುಂಬ ಹೊತ್ತು ನಿಂತಿದ್ದರು.

ಪೇಂಟ್ ಹೊಡೆಯುವ ಮೊದಲು ಮೇಸ್ತ್ರಿಯವರು ಉಳಿ ನನ್ನ ಕೈಗೇ ಕೊಟ್ಟರು. ಎಕ್ಸೆಂಟ್ರಿಕ್ಕಿಗೂ ಶಾಫ್ಟಿಗೂ ಸೇರುವಂತೆ ಹೊಸ ಗೆರೆ ಹಾಕಿದೆ. ಆ ಎರಡು ಬೆರಳಿನ ಜಾಗಕ್ಕೆ ಪೇಂಟ್ ಇಲ್ಲ, ಗ್ರೀಸ್ ಮಾತ್ರ.