ಎಂಟು ಕೆಜಿಯ ಲೆಕ್ಕ

ಇವತ್ತು ಬೆಳಿಗ್ಗೆ ಕುಂದವಾಡ ಕೆರೆ ಹತ್ರ ಪಕ್ಕದ್ಮನೆ ಹುಡುಗ ಸಿಕ್ಕಿದ. ಟೀ ಶರ್ಟ್ ಬೆನ್ನಿಗೆ ಅಂಟಿತ್ತು, ಏದುಸಿರು ಬೇರೆ.

"ಅಣ್ಣಾ, ಎಂಟು ಕೆಜಿ ಇಳಿಸ್ಬೇಕು. ಒಂದು ತಿಂಗಳು ಸಾಕಲ್ವಾ?"

ಅಲ್ಲೇ ಕೂತು ಲೆಕ್ಕ ಹಾಕಿದೆವು. ಒಂದು ಕೆಜಿ ಕೊಬ್ಬು ಅಂದ್ರೆ ಸುಮಾರು 7,700 ಕ್ಯಾಲೊರಿ. ಒಂದು ಕಿಲೋಮೀಟರ್ ಓಡಿದರೆ ಮೈತೂಕದ ಕೆಜಿಗೆ ಹೆಚ್ಚುಕಮ್ಮಿ ಒಂದು ಕ್ಯಾಲೊರಿ ಖರ್ಚು. ಅವನು 80 ಕೆಜಿ. ದಿನಾ 5 ಕಿ.ಮೀ. ಓಡಿದರೆ 400. ಊಟದಲ್ಲಿ ಇನ್ನೊಂದು 100 ಕಮ್ಮಿ ಮಾಡಿದರೆ 500. ಅಂದ್ರೆ ಕೆಜಿಗೆ ಹದಿನೈದು ದಿನ, ಎಂಟಕ್ಕೆ ನಾಲ್ಕು ತಿಂಗಳು. ತೂಕ ಇಳಿದಂತೆ ಓಟದ ಖರ್ಚೂ ಇಳಿಯುತ್ತೆ. ಐದು ತಿಂಗಳು ಅಂತಲೇ ಇಟ್ಕೋ ಅಂದೆ.

ಮುಖ ಸಪ್ಪಗಾಯ್ತು. ಮೊದಲ ವಾರವೇ ಎರಡು ಕೆಜಿ ಇಳಿದಿತ್ತಂತೆ. ಅದರಲ್ಲಿ ಜಾಸ್ತಿ ನೀರೇ ಕಣೋ! ಇದನ್ನು ಮೊದಲೇ ಹೇಳೋರು ಕಮ್ಮಿ. ಆಮೇಲೆ ಮುಳ್ಳು ಅಲ್ಲಾಡದೆ ನಿಂತಾಗ, ಚೆನ್ನಾಗಿ ಓಡ್ತಿದ್ದ ಹುಡುಗರೂ ಬಿಟ್ಟುಬಿಡ್ತಾರೆ. ನನಗೆ ಬೇಜಾರಾಗೋದು ಅದಕ್ಕೇ.

ಬೆಣ್ಣೆದೋಸೆ ಪೂರ್ತಿ ಬಿಡಬೇಕಾ ಅಂತ ಕೇಳಿದ. ದಾವಣಗೆರೆಯಲ್ಲಿದ್ದುಕೊಂಡು ಹಾಗೆ ಹೇಳೋಕಾಗುತ್ತಾ? ವಾರಕ್ಕೊಮ್ಮೆ ತಿನ್ನು, ಮೇಲೆ ಇಡೋ ಬೆಣ್ಣೆ ಮಾತ್ರ ಬೇಡ ಅನ್ನು ಅಂದೆ. ಒಂದು ದೊಡ್ಡ ಚಮಚ ಬೆಣ್ಣೆಗೆ 100 ಕ್ಯಾಲೊರಿ. ಅವನಿಗೆ ಅದು ಒಂದೂಕಾಲು ಕಿಲೋಮೀಟರ್ ಓಟ.