ಎಂಟು ಗಂಟೆಯ ಮೇಲೆ ನಿಮ್ಮೂರಲ್ಲಿ ಏನಿರುತ್ತದೆ?

ಕುಂದಾಪುರದಿಂದ ಬೈಂದೂರಿನವರೆಗಿನ ಕಡಲ ಬದಿಯ ಊರುಗಳಿಗೆ ಬಂದು ನಾಲ್ಕು ದಿನ ಉಳಿಯುವವರು ಎರಡನೆಯ ದಿನವೇ ಕೇಳುವ ಪ್ರಶ್ನೆ ಇದು. ಎಂಟು ಗಂಟೆಗೆ ಅಂಗಡಿ ಬಾಗಿಲು ಹಾಕುತ್ತಾರೆ, ಒಳ ರಸ್ತೆಯ ಬಸ್ಸು ಅದಕ್ಕೂ ಮೊದಲೇ ನಿಲ್ಲುತ್ತದೆ, ಹೋಟೆಲಿನವರು ಬೆಂಚು ಮಗುಚಿ ಹಾಕುತ್ತಾರೆ. ಆಮೇಲೆ ನೀವೆಲ್ಲ ಏನು ಮಾಡುತ್ತೀರಿ?

ರಾತ್ರಿಗೆ ಇಲ್ಲಿ ಬೇಕಾದಷ್ಟಿದೆ. ಆದರೆ ಯಾವ ರಾತ್ರಿ, ಯಾವ ಗದ್ದೆಯಲ್ಲಿ ಎಂದು ತಿಳಿದಿರಬೇಕು. ಅದನ್ನು ತೀರ್ಮಾನಿಸುವುದು ಕೊಯ್ಲು, ಮಳೆ ಮತ್ತು ತಿಥಿ. ಈ ಮೂರನ್ನು ನೋಡದೆ ಬಂದವರಿಗೆ ಊರು ಮಲಗಿದ ಹಾಗೆ ಕಾಣುತ್ತದೆ. ನೋಡಿಕೊಂಡು ಬಂದವರಿಗೆ ನಿದ್ದೆ ಸಾಲುವುದಿಲ್ಲ.

ಮೊದಲು ಆಟ. ನಮ್ಮಲ್ಲಿ ಆಟ ಎಂದರೆ ಯಕ್ಷಗಾನ ಬಯಲಾಟ, ಬೇರೆ ಅರ್ಥ ಹೇಳಬೇಕಾಗಿಲ್ಲ. ಮಳೆಗಾಲದ ಭತ್ತ ಕೊಯ್ದು ಗದ್ದೆ ಖಾಲಿಯಾದ ಮೇಲೆ, ದೀಪಾವಳಿ ಕಳೆದು ಕೆಲವು ದಿನಗಳಲ್ಲಿ ಮೇಳಗಳು, ಅಂದರೆ ಆಟದ ತಂಡಗಳು, ತಿರುಗಾಟಕ್ಕೆ ಹೊರಡುತ್ತವೆ. ಮೇ ಕೊನೆಯ ವಾರದ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಹಾಗಾಗಿ ಸುಮಾರು ಆರು ತಿಂಗಳು, ಹತ್ತು-ಹದಿನೈದು ಕಿಲೋಮೀಟರ್ ಒಳಗೆ ಎಲ್ಲೋ ಒಂದು ಕಡೆ ಚೆಂಡೆ ಕೇಳುವ ರಾತ್ರಿಗಳೇ ಹೆಚ್ಚು.

ಆಟದಲ್ಲಿ ಎರಡು ಬಗೆ. ಸಾಲಿಗ್ರಾಮ, ಪೆರ್ಡೂರಿನಂಥವು ಡೇರೆ ಮೇಳಗಳೆಂದೇ ಹೆಸರಾದವು, ಅಲ್ಲಿ ಟಿಕೆಟ್ ಇರಬಹುದು. ಮಂದಾರ್ತಿ, ಮಾರಣಕಟ್ಟೆಯಂಥವು ದೇವಸ್ಥಾನದ ಹರಕೆ ಮೇಳಗಳು. ಮದುವೆಗೋ ಮಗುವಿಗೋ ಕಾಯಿಲೆಗೋ ಹರಕೆ ಹೊತ್ತ ಮನೆಯವರು ತಮ್ಮ ಗದ್ದೆಯಲ್ಲಿ ಆಟ ಆಡಿಸುತ್ತಾರೆ. ಮಂದಾರ್ತಿಯಲ್ಲಿ ಐದು ಮೇಳಗಳಿದ್ದರೂ ಇಂದು ಹರಕೆ ಹೊತ್ತವರ ಸರದಿ ಬರಲು ವರ್ಷಗಟ್ಟಲೆ ಕಾಯಬೇಕು. ಹರಕೆ ಆಟಕ್ಕೆ ಟಿಕೆಟ್ ಇಲ್ಲ, ಆಮಂತ್ರಣವೂ ಬೇಡ. ಆಟ ನೋಡಲು ಬಂದವರೆಲ್ಲ ಆ ಮನೆಯ ನೆಂಟರೇ, ಊಟಕ್ಕೂ ಕರೆಯುತ್ತಾರೆ. ಸಂಕೋಚ ಪಡಬೇಡಿ. ಬಾಳೆಲೆ ಹಾಕಿದ ಮೇಲೆ ಬೇಡ ಎಂದರೆ ಅವರಿಗೇ ಬೇಸರ.

ಎಲ್ಲಿ ಆಟ ಎಂದು ತಿಳಿಯಲು ಮೂರು ದಾರಿ. ಕರಾವಳಿಯ ದಿನಪತ್ರಿಕೆಗಳು ಯಾವ ಮೇಳ ಇಂದು ಎಲ್ಲಿ ಎಂದು ಪಟ್ಟಿ ಹಾಕುತ್ತವೆ. ಬಸ್ ಸ್ಟ್ಯಾಂಡಿನ ಗೋಡೆಯಲ್ಲಿ ಕರಪತ್ರ ಇರುತ್ತದೆ. ಎಲ್ಲಕ್ಕಿಂತ ನಂಬಿಕೆಯದು ರಿಕ್ಷಾ ಸ್ಟ್ಯಾಂಡ್. "ಹ್ವಾಯ್, ಇವತ್ತ್ ಆಟ ಎಲ್ಲ್ ಇತ್ತ್?" ಎಂದು ಕೇಳಿದರೆ ಸಾಕು. ಆಗಲೇ ವಾಪಸು ಬರುವ ಮಾತನ್ನೂ ಆಡಿಕೊಳ್ಳಿ, ಫೋನ್ ನಂಬರ್ ತೆಗೆದುಕೊಳ್ಳಿ. ಹೆಚ್ಚಿನವರು ಎಡವುವುದು ಇಲ್ಲೇ. ಹೋಗುವಾಗ ಯಾರದೋ ಬೈಕ್ ಸಿಗುತ್ತದೆ, ನಡುರಾತ್ರಿ ಗದ್ದೆಯ ಅಂಚಿನಲ್ಲಿ ನಿಂತಾಗ ಯಾವ ಆ್ಯಪೂ ಕೆಲಸಕ್ಕೆ ಬರುವುದಿಲ್ಲ.

ಸಮಯ ಕೇಳಿಕೊಂಡು ಹೊರಡಿ. ಹಿಂದೆ ಎಲ್ಲ ಆಟವೂ ರಾತ್ರಿ ಒಂಬತ್ತು-ಹತ್ತಕ್ಕೆ ಶುರುವಾಗಿ ಬೆಳಕು ಹರಿಯುವಾಗ ಮುಗಿಯುತ್ತಿತ್ತು. ಈಗ ಕಾಲಮಿತಿ ಆಟಗಳೇ ಹೆಚ್ಚು. ಸಂಜೆ ಆರೂವರೆ-ಏಳಕ್ಕೆ ಶುರು, ಹನ್ನೆರಡರ ಒಳಗೆ ಮಂಗಳ. ನೋಡುವವರಿಗೆ ಮರುದಿನ ಕೆಲಸಕ್ಕೆ ಹೋಗಬೇಕು ಎಂಬುದು ಒಂದು ಕಾರಣ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಹಾಕುವ 2000ದ ಶಬ್ದಮಾಲಿನ್ಯ ನಿಯಮ ಇನ್ನೊಂದು. ಕಾಲಮಿತಿಯಲ್ಲಿ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ, ಅಂದರೆ ಕಥೆ ಶುರುವಾಗುವ ಮೊದಲಿನ ಕುಣಿತಗಳಿಗೆ. ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ ಎಲ್ಲ ಹತ್ತು-ಹದಿನೈದು ನಿಮಿಷದಲ್ಲಿ ಮುಗಿದುಹೋಗುತ್ತವೆ, ಕೆಲವು ಕಡೆ ಬರುವುದೇ ಇಲ್ಲ. ಇದು ದೊಡ್ಡ ನಷ್ಟ. ಹೊಸ ಹುಡುಗರ ಹೆಜ್ಜೆ ಪಳಗುತ್ತಿದ್ದುದೇ ಅಲ್ಲಿ. ಹಾಗಾಗಿ ಇಡೀ ರಾತ್ರಿಯ ಆಟ ಸಿಕ್ಕಿದರೆ ಬಿಡಬೇಡಿ.

ಆದಷ್ಟು ಒಂದು ಗಂಟೆ ಮೊದಲೇ ಹೋಗಿ, ಚೌಕಿ ನೋಡಿ. ಚೌಕಿ ಎಂದರೆ ವೇಷ ಕಟ್ಟುವ ಜಾಗ. ಒಂದು ತುದಿಯಲ್ಲಿ ದೇವರ ಮುಂದೆ ದೀಪ, ಅದರ ಎರಡೂ ಬದಿಗೆ ಸಾಲಾಗಿ ಪೆಟ್ಟಿಗೆಗಳು, ಪ್ರತಿ ಪೆಟ್ಟಿಗೆಯ ಎದುರು ಕೈಗನ್ನಡಿ ಹಿಡಿದ ಒಬ್ಬ ಕಲಾವಿದ. ಚಪ್ಪಲಿ ಹೊರಗೆ ಬಿಟ್ಟು ಬದಿಯಲ್ಲಿ ನಿಂತರೆ ಯಾರೂ ಬೇಡ ಎನ್ನುವುದಿಲ್ಲ. ತೆಂಗಿನೆಣ್ಣೆಯಲ್ಲಿ ಕಲಸಿದ ಬಣ್ಣವನ್ನು ಹಣೆಯಿಂದ ಗಲ್ಲದವರೆಗೆ ಸಮನಾಗಿ ಹಚ್ಚಿ, ಕಡ್ಡಿಯ ತುದಿಯಿಂದ ನಾಮ ಬರೆದು, ಕಾಡಿಗೆಯಲ್ಲಿ ಹುಬ್ಬು ತಿದ್ದುತ್ತಾರೆ. ನೋಡಲೇಬೇಕಾದದ್ದು ಬಡಗಿನ, ಅಂದರೆ ನಮ್ಮ ಈ ಉತ್ತರದ ಶೈಲಿಯ, ಮುಂಡಾಸು ಕಟ್ಟುವುದು. ಅದು ಕಿರೀಟದ ಹಾಗೆ ಸಿದ್ಧವಾಗಿ ಬರುವ ವಸ್ತುವಲ್ಲ. ಪ್ರತಿ ರಾತ್ರಿ ತಲೆಯ ಮೇಲೆಯೇ ಸುತ್ತು ಸುತ್ತಾಗಿ ಬಟ್ಟೆ ಬಿಗಿದು, ಜರಿಯ ಪಟ್ಟಿ ಎಳೆದು, ಎಸಳಿನ ಆಕಾರ ಬರಿಸುತ್ತಾರೆ. ಬಿಗಿ ಕಡಿಮೆಯಾದರೆ ಮಂಡಿ ಹಾಕುವಾಗ, ಅಂದರೆ ಮೊಣಕಾಲೂರಿ ಗಿರಗಿರನೆ ತಿರುಗುವಾಗ, ಮುಂಡಾಸು ವಾಲುತ್ತದೆ. ಹೆಚ್ಚಾದರೆ ಎರಡು ಗಂಟೆಯೊಳಗೆ ತಲೆನೋವು. ಆ ಹದ ಕಟ್ಟುವವರ ಬೆರಳಿಗೆ ಮಾತ್ರ ಗೊತ್ತು. ಫೋಟೋ ತೆಗೆಯುವುದಾದರೆ ಫ್ಲ್ಯಾಶ್ ಬೇಡ. ಕಣ್ಣಿಗೆ ಕಾಡಿಗೆ ತೀಡುವವರ ಮುಖಕ್ಕೆ ಬೆಳಕು ಹಾಯಿಸಿದರೆ ಗೆರೆ ಕೆಡುತ್ತದೆ, ಒರೆಸಿ ಮತ್ತೆ ಮೊದಲಿಂದ.

ಕೂರುವ ಜಾಗಕ್ಕೂ ಲೆಕ್ಕ ಇದೆ. ಮುಂದಿನ ಚಾಪೆ ಮಕ್ಕಳದು, ಮೊದಲ ಸಾಲು ಹರಕೆ ಮನೆಯವರದು. ನಡುವಿನಲ್ಲಿ ಮೂರು-ನಾಲ್ಕನೇ ಸಾಲು ಹಿಡಿಯಿರಿ, ಹೆಜ್ಜೆ ಪೂರ್ತಿ ಕಾಣುತ್ತದೆ. ಸ್ಪೀಕರ್ ಪೆಟ್ಟಿಗೆಯ ಎದುರು ಮಾತ್ರ ಬೇಡ. ಚೆಂಡೆಗೆ ತನ್ನದೇ ಸಾಕಷ್ಟು ದೊಡ್ಡ ಸದ್ದಿದೆ, ಅದಕ್ಕೂ ಮೈಕ್ ಇಟ್ಟು ಏರಿಸಿದಾಗ ಮದ್ದಲೆಯ ನುಡಿ ಮುಳುಗಿಹೋಗುತ್ತದೆ. ಡಿಸೆಂಬರ್-ಜನವರಿಯಲ್ಲಿ ನಡುರಾತ್ರಿಯ ಮೇಲೆ ಇಬ್ಬನಿ ಬಿದ್ದು ಕುರ್ಚಿ ಒದ್ದೆಯಾಗುತ್ತದೆ. ಒಂದು ಶಾಲು, ಕಿವಿ ಮುಚ್ಚುವ ಬಟ್ಟೆ, ಟಾರ್ಚು ಇರಲಿ. ಗಾಡಿಯನ್ನು ರಸ್ತೆಯ ಬದಿಯಲ್ಲೇ ನಿಲ್ಲಿಸಿ. ಭತ್ತ ತೆಗೆದ ಗದ್ದೆಗೆ ಅಕ್ಕಪಕ್ಕದವರು ಉದ್ದು, ನೆಲಗಡಲೆ ಬಿತ್ತಿರುತ್ತಾರೆ. ಕತ್ತಲಲ್ಲಿ ಅದು ಖಾಲಿ ಗದ್ದೆಯ ಹಾಗೇ ಕಾಣುತ್ತದೆ. ಒಂದು ಕಾರು ತಿರುಗಿಸಿದರೆ ನಾಲ್ಕು ಸಾಲು ಮೊಳಕೆ ಹೋಯಿತು.

ಅರ್ಥವಾಗುತ್ತದೋ ಇಲ್ಲವೋ ಎಂಬ ಹೆದರಿಕೆ ಬೇಡ. ಭಾಗವತರು ಪದ್ಯ ಹಾಡುತ್ತಾರೆ, ವೇಷಧಾರಿ ಅದಕ್ಕೆ ಕುಣಿಯುತ್ತಾರೆ, ಆಮೇಲೆ ಅದೇ ಪದ್ಯದ ಅರ್ಥವನ್ನು ಮಾತಿನಲ್ಲಿ ಹೇಳುತ್ತಾರೆ. ಪದ್ಯ ತಪ್ಪಿದರೆ ಅರ್ಥಕ್ಕೆ ಕಾಯಿರಿ. ಕಥೆಯನ್ನು ಐದು ನಿಮಿಷ ಮೊದಲೇ ಪಕ್ಕದವರಲ್ಲಿ ಕೇಳಿಟ್ಟುಕೊಂಡರೆ ಇನ್ನೂ ಚೆಂದ, ಹೇಳಲು ಎಲ್ಲರಿಗೂ ಖುಷಿ. ಮಾತಿನ ಭಾಗ ಉದ್ದವಾದಾಗ ಎದ್ದು ಹೋಗಿ ಚಾ ಕುಡಿದು, ಚರ್ಮುರಿ ತಿಂದು ಬರಬಹುದು. ಯುದ್ಧದ ಚೆಂಡೆ ಏರುವುದು ಅಂಗಡಿಗೇ ಕೇಳುತ್ತದೆ, ಆಗ ಓಡಿ ಬಂದರಾಯಿತು.

ಅದೇ ಆರು ತಿಂಗಳಲ್ಲಿ ಶಾಲಾ ಮೈದಾನಗಳಲ್ಲಿ ಹೊನಲು ಬೆಳಕಿನ ವಾಲಿಬಾಲ್, ಅಂಡರ್ ಆರ್ಮ್ ಕ್ರಿಕೆಟ್ ಪಂದ್ಯಾಟಗಳು ನಡೆಯುತ್ತವೆ. ಶನಿವಾರ ರಾತ್ರಿ ವಿಚಾರಿಸಿ. ದೈವದ ಕೋಲ, ಪಾಣಾರಾಟ, ಢಕ್ಕೆಬಲಿಗಳೂ ರಾತ್ರಿಯೇ ಆಗುತ್ತವೆ. ಆದರೆ ಅವನ್ನು ಈ ಪಟ್ಟಿಗೆ ಸೇರಿಸಲು ಮನಸ್ಸಿಲ್ಲ. ಅದು ಆರಾಧನೆ. ಕರೆದರೆ ಹೋಗಿ, ಕೈಮುಗಿದು ನಿಲ್ಲಿ, ಫೋನ್ ಜೇಬಿನಲ್ಲಿರಲಿ.

ಇನ್ನು ಕಡಲು. ಡಿಸೆಂಬರ್ ಆರಂಭದಲ್ಲಿ ಸೂರ್ಯ ಆರರ ಸುಮಾರಿಗೇ ಮುಳುಗುತ್ತಾನೆ, ಜೂನ್ ಕೊನೆಗೆ ಏಳರ ಹತ್ತಿರ. ಮುಳುಗಿದ ತಕ್ಷಣ ಗಾಳಿ ತಣ್ಣಗಾಗುತ್ತದೆ ಎಂದು ಬಂದವರು ಏಪ್ರಿಲ್-ಮೇ ತಿಂಗಳಲ್ಲಿ ಬೆವತು ವಾಪಸು ಹೋಗುತ್ತಾರೆ. ಹಗಲಿನ ಕಡಲ ಗಾಳಿ ನಿಂತು, ನೆಲ ತಣಿದು, ನೆಲದ ಕಡೆಯಿಂದ ಕಡಲಿಗೆ ಗಾಳಿ ತಿರುಗುವವರೆಗೆ ಎಲೆಯೂ ಅಲ್ಲಾಡದ ಒಂದು ಹೊತ್ತಿದೆ. ಆ ದಿನಗಳಲ್ಲಿ ಊಟ ಮುಗಿಸಿ ಒಂಬತ್ತರ ಮೇಲೆ ಹೋಗುವುದೇ ಸರಿ. ಹೋಗುವ ಮುನ್ನ ಭರತ ಯಾವಾಗ, ಇಳಿತ ಯಾವಾಗ ಎಂದು ಮೀನುಗಾರರನ್ನು ಕೇಳಿ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ. ಅಂದರೆ ಭರತ ದಿನಕ್ಕೆ ಐವತ್ತು ನಿಮಿಷದಷ್ಟು ತಡವಾಗುತ್ತದೆ. ನಿನ್ನೆ ಎಂಟಕ್ಕೆ ನಡೆದ ಮರಳು ಇನ್ನು ನಾಲ್ಕು ದಿನಕ್ಕೆ ಎಂಟಕ್ಕೆ ನೀರಿನಡಿ ಇರಬಹುದು. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಇನ್ನೂ ಮೇಲೆ ಏರುತ್ತದೆ. ಕತ್ತಲಲ್ಲಿ ನೀರಿಗೆ ಇಳಿಯಲೇಬೇಡಿ. ಅಲೆ ಒಡೆಯದೆ ಶಾಂತವಾಗಿ ಕಾಣುವ ಜಾಗದಲ್ಲೇ ನೀರು ಹೊರಕ್ಕೆ ಸೆಳೆಯುತ್ತಿರುತ್ತದೆ, ಅದನ್ನು ಗುರುತಿಸಲು ಹಗಲೇ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಂಡೆಯಿಂದಲೂ ದೂರ ಇರಿ.

ಕುಂದಾಪುರದ ಕೋಡಿಯಂಥ ದಂಡೆಗಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ, ಹೆಚ್ಚಾಗಿ ವರ್ಷದ ಮೊದಲ ತಿಂಗಳುಗಳಲ್ಲಿ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿ ಹೊರಬರಲು ಒಂದೂವರೆಯಿಂದ ಎರಡು ತಿಂಗಳು. ಅರಣ್ಯ ಇಲಾಖೆಯವರು ಗೂಡಿಗೆ ಬಲೆ ಕಟ್ಟಿ ಕಾಯುತ್ತಾರೆ. ಮರಿಗಳು ಕಡಲನ್ನು ಹುಡುಕುವುದು ಬೆಳಕು ನೋಡಿ. ಕತ್ತಲೆಯ ದಂಡೆಯಲ್ಲಿ ನೀರಿನ ಕಡೆಯ ಆಕಾಶವೇ ಹೆಚ್ಚು ಬೆಳ್ಳಗಿರುತ್ತದೆ. ನಮ್ಮ ಟಾರ್ಚು, ಮನೆಯ ಎದುರಿನ ಎಲ್‌ಇಡಿ ಬಲ್ಬು ಹೊತ್ತಿಸಿದರೆ ಅವು ರಸ್ತೆಯ ಕಡೆ ತಿರುಗುತ್ತವೆ. ಮರಳಿನ ಮೇಲೆ ತಾಯಿಯ ಜಾಡು ಕಂಡರೆ ಟಾರ್ಚು ಆರಿಸಿ, ಹತ್ತು ಹೆಜ್ಜೆ ಹಿಂದೆ ನಿಂತು ಅಲ್ಲಿಯವರಿಗೆ ತಿಳಿಸಿ.

ಅಮಾವಾಸ್ಯೆಯ ಸುತ್ತ ಮುತ್ತ ಅದೃಷ್ಟವಿದ್ದರೆ ಅಲೆ ಹೊಳೆಯುತ್ತದೆ. 2020ರ ಕೊನೆಯಲ್ಲಿ ಉಡುಪಿ, ಮಂಗಳೂರಿನ ದಂಡೆಗಳಲ್ಲಿ ಜನ ಸೇರಿ ನೋಡಿದ ನೀಲಿ ಬೆಳಕು ಇದೇ. ನಾಕ್ಟಿಲುಕಾ ಎಂಬ ಸೂಕ್ಷ್ಮಜೀವಿ ನೀರು ಕಲಕಿದಾಗ ಬೆಳಗುತ್ತದೆ, ಹಾಗಾಗಿ ಹೆಚ್ಚಾಗಿ ಅಲೆ ಒಡೆಯುವ ಗೆರೆಯಲ್ಲಿ ಕಾಣುವುದು. ಕಣ್ಣು ಕತ್ತಲಿಗೆ ಹೊಂದಲು ಕಾಲು ಗಂಟೆಯಾದರೂ ಬೇಕು. ನಡುವೆ ಒಮ್ಮೆ ಮೊಬೈಲ್ ನೋಡಿದರೆ ಮತ್ತೆ ಅಷ್ಟೇ ಹೊತ್ತು ಕಾಯಬೇಕು.

ಮಳೆಗಾಲಕ್ಕೆ ಬಂದವರು ತಾಳಮದ್ದಳೆ ಹುಡುಕಿ. ಆಟದ್ದೇ ಪದ್ಯ ಮತ್ತು ಮಾತು, ಆದರೆ ವೇಷ ಇಲ್ಲ, ಕುಣಿತ ಇಲ್ಲ. ದೇವಸ್ಥಾನದ ಚಾವಡಿಯಲ್ಲೋ ಸಭಾಭವನದಲ್ಲೋ ಭಾಗವತರ ಮುಂದೆ ನಾಲ್ಕೈದು ಅರ್ಥಧಾರಿಗಳು ಪಂಚೆ-ಶಾಲಿನಲ್ಲಿ ಕುಳಿತು ಕೃಷ್ಣನಾಗಿ, ಕರ್ಣನಾಗಿ ವಾದಿಸುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ, ಎದುರಾಳಿಯ ಮಾತಿಗೆ ಆ ಕ್ಷಣವೇ ಉತ್ತರ ಹುಟ್ಟಬೇಕು. ಹೊರಗೆ ಮಳೆ ಹೆಂಚಿನ ಮೇಲೆ ಹೊಡೆಯುತ್ತಿರುವಾಗ ಒಳಗೆ ಒಂದೇ ಪದ್ಯದ ಮೇಲೆ ಅರ್ಧ ಗಂಟೆ ಮಾತು ಬೆಳೆಯುವುದನ್ನು ಕೇಳುವ ಸುಖ ಬೇರೆ ಎಲ್ಲೂ ಇಲ್ಲ. ಕನ್ನಡದ ಮೇಲೆ ಪ್ರೀತಿ ಇದ್ದವರಿಗೆ ನಾವು ಮೊದಲು ಹೇಳುವುದು ಇದನ್ನೇ. ಹಿಂದೆ ಕೂರಬೇಡಿ, ಮಳೆಯ ಸದ್ದಿಗೆ ಅರ್ಧ ಮಾತು ಹೋಗುತ್ತದೆ.

ನವರಾತ್ರಿಯಲ್ಲಿ ನೀವೇ ಹೋಗಬೇಕಾಗಿಲ್ಲ, ಹೂವಿನಕೋಲು ಮನೆಗೇ ಬರುತ್ತದೆ. ಭಾಗವತರು, ಮದ್ದಲೆಯವರು, ಜೊತೆಗೆ ಇಬ್ಬರು ಮಕ್ಕಳು. ಹೂ ಕಟ್ಟಿದ ಕೋಲಿಟ್ಟುಕೊಂಡು ಮಕ್ಕಳು ಎದುರುಬದುರು ಕುಳಿತು, ಹರಸುವ ಪದ್ಯ ಹೇಳಿ, ಒಂದು ಯಕ್ಷಗಾನ ಪ್ರಸಂಗದ ತುಣುಕನ್ನು ಮಾತಿನಲ್ಲೇ ಆಡಿ ಮುಂದಿನ ಮನೆಗೆ ಹೊರಡುತ್ತಾರೆ. ಜಗಲಿ ಗುಡಿಸಿ, ದೀಪ ಹಚ್ಚಿ, ಚಾಪೆ ಹಾಸಿಡಿ. ಅಕ್ಕಿ, ತೆಂಗಿನಕಾಯಿ, ಕೈಲಾದಷ್ಟು ಹಣ ಒಂದು ಹರಿವಾಣದಲ್ಲಿರಲಿ. ಟಿವಿ ಆರಿಸಿ, ನಾಯಿಯನ್ನು ಹಿತ್ತಲಲ್ಲಿ ಕಟ್ಟಿ, ಗೇಟು ತೆರೆದಿಡಿ. ಗೇಟು ಹಾಕಿದ್ದರೆ ಮನೆಯವರು ಇಲ್ಲ ಎಂದುಕೊಂಡು ಮಕ್ಕಳು ಮುಂದೆ ಹೋಗಿಬಿಡುತ್ತಾರೆ.