ಗೇಟ್ ಕ್ಯಾಮೆರಾಗೆ ಯಾವ ಪ್ರೋಟೋಕಾಲ್?

2025 ಆಗಸ್ಟ್ 12, ಮಂಗಳವಾರ

ಅಪಾರ್ಟ್‌ಮೆಂಟ್ ಗೇಟಲ್ಲಿರೋ ಕ್ಯಾಮೆರಾನ ಬ್ರೌಸರಲ್ಲಿ ಲೈವ್ ತೋರಿಸ್ಬೇಕು, ಕೆಳಗೆ 'ಗೇಟ್ ತೆಗಿ' ಅಂತ ಒಂದು ಬಟನ್ನು. ಕೇಳೋಕೆ ಇಷ್ಟೇ. ಆದ್ರೆ ಕ್ಯಾಮೆರಾ ವಿಡಿಯೋ ಕೊಡೋದು ಆರ್‌ಟಿಎಸ್‌ಪಿ ಅನ್ನೋ ಪ್ರೋಟೋಕಾಲಲ್ಲಿ (ವಿಡಿಯೋ ಸಾಗಿಸೋ ಒಂದು ಪದ್ಧತಿ), 1998ರ ಕಾಲದ್ದು, ಬ್ರೌಸರ್ ಅದನ್ನ ಮುಟ್ಟೋದೂ ಇಲ್ಲ, ಹಾಗಾಗಿ ನಡುವೆ ಒಂದು ಸರ್ವರ್ ಕೂರಿಸಿ ಬೇರೆ ರೂಪಕ್ಕೆ ತಿರುಗಿಸಿ ಕೊಡ್ಲೇಬೇಕು. ಯಾವ ರೂಪಕ್ಕೆ ಅನ್ನೋದ್ರ ಮೇಲೇ ಇವತ್ತೆಲ್ಲಾ ಚರ್ಚೆ.

ಟೀಮಲ್ಲಿ ಒಬ್ರದ್ದು ಎಚ್‌ಎಲ್‌ಎಸ್ ಅನ್ನೋ ಸ್ಟ್ರೀಮಿಂಗ್ ಪದ್ಧತಿನೇ ಆಗ್ಬೇಕು ಅಂತ ಹಠ. ತಪ್ಪೇನಿಲ್ಲ, 2009ರಲ್ಲಿ ಆಪಲ್ ತಂದಿದ್ದು, ವೆಬ್‌ಪೇಜಿನ ಹಾಗೇ ಬರೋ ಮಾಮೂಲಿ ಎಚ್‌ಟಿಟಿಪಿ ಫೈಲುಗಳು, ಸಿಡಿಎನ್ (ನಕಲು ಇಟ್ಕೊಂಡು ಹಂಚೋ ಸರ್ವರ್‌ಗಳ ಜಾಲ) ಹಿಂದೆ ಇಟ್ರೆ ಲಕ್ಷ ಜನ ನೋಡಿದ್ರೂ ತೊಂದ್ರೆ ಇಲ್ಲ. ಆದ್ರೆ ಅದು ವಿಡಿಯೋನ ತುಂಡು ತುಂಡು ಮಾಡಿ ಕಳ್ಸತ್ತೆ, ಪ್ಲೇಯರ್ ಸಾಮಾನ್ಯವಾಗಿ ಮೂರು ತುಂಡಿನಷ್ಟು ಹಿಂದೆ ಓಡತ್ತೆ, ಆಪಲ್ ಹೇಳೋ 6 ಸೆಕೆಂಡಿನ ತುಂಡು ಇಟ್ರೆ ಹತ್ತಿರ ಹತ್ತಿರ 18 ಸೆಕೆಂಡ್ ತಡ. ಕ್ರಿಕೆಟ್ಟಿಗಾದ್ರೆ ಪಕ್ಕದ್ಮನೆಯವ್ರು ಸಿಕ್ಸರ್‌ಗೆ ಕಿರುಚಿದ್ಮೇಲೆ ನಮ್ಮನೇಲಿ ಬೌಲರ್ ರನಪ್ ಶುರು ಮಾಡ್ತಾನೆ, ನಡಿಯತ್ತೆ. ಗೇಟಿಗೆ ನಡಿಯಲ್ಲ. ಅಲ್ಲಿ ನಿಂತಿರೋನು ಯಾರು ಅಂತ ಈಗ ಕಾಣ್ಬೇಕು.

ಮಾತಲ್ಲಿ ಬಗೆಹರಿಯಲಿಲ್ಲ, ಅಳೆದೇ ನೋಡೋಣ ಅಂತ ಕ್ಯಾಮೆರಾ ಮುಂದೆ ಫೋನಲ್ಲಿ ಸ್ಟಾಪ್‌ವಾಚ್ ಹಿಡಿದು, ಪಕ್ಕಕ್ಕೆ ಎಚ್‌ಎಲ್‌ಎಸ್ ಲೈವ್ ಓಡ್ತಿರೋ ಲ್ಯಾಪ್‌ಟಾಪ್ ಇಟ್ಟು, ಎರಡೂ ಬರೋ ಹಾಗೆ ಇನ್ನೊಂದು ಫೋನಲ್ಲಿ ಫೋಟೋ ತೆಗೆದ್ವಿ. ತುಂಡು 2 ಸೆಕೆಂಡ್ ಅಂತ ಸರ್ವರ್‌ಗೆ ಹೇಳಿದ್ರೂ ತಡ 12 ಸೆಕೆಂಡ್ ಮೇಲೆ. ಯಾಕಪ್ಪಾ ಅಂತ ನೋಡಿದ್ರೆ ಕ್ಯಾಮೆರಾದಲ್ಲಿ ಐ-ಫ್ರೇಮ್ ಇಂಟರ್ವಲ್ 100 ಇತ್ತು, ಅಂದ್ರೆ 100 ಫ್ರೇಮಿಗೊಂದು ಪೂರ್ತಿ ಚಿತ್ರ (ಕೀಫ್ರೇಮ್), ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ ಅದು 4 ಸೆಕೆಂಡ್, ಕೀಫ್ರೇಮ್ ಬರೋವರೆಗೂ ತುಂಡು ಮಾಡೋಕಾಗಲ್ವಲ್ಲ. 50 ಮಾಡಿದ್ಮೇಲೆ 7ಕ್ಕೆ ಇಳೀತು. ಲೋ-ಲೇಟೆನ್ಸಿ ಎಚ್‌ಎಲ್‌ಎಸ್ ಅಂತ ಇನ್ನೊಂದಿದೆ, ಇನ್ನೂ ಇಳಿಸಬಹುದು, ಆದ್ರೆ ಗೇಟಿಗೆ ಎರಡು ಮೂರು ಸೆಕೆಂಡೂ ಜಾಸ್ತಿನೇ.

ವೆಬ್‌ಆರ್‌ಟಿಸಿ (ಬ್ರೌಸರಲ್ಲಿ ವಿಡಿಯೋ ಕಾಲ್‌ಗೆ ಬಳಸೋದು) ಹಾಕಿದ್ವಿ, ತಡ ಅರ್ಧ ಸೆಕೆಂಡು! ಪುಕ್ಸಟ್ಟೆ ಏನಲ್ಲ. ಕ್ಯಾಮೆರಾ ವಿಡಿಯೋ ಕುಗ್ಗಿಸೋ ವಿಧಾನನ ಎಚ್.265ನಿಂದ ಎಚ್.264ಗೆ ಬದಲಾಯಿಸ್ಬೇಕಾಯ್ತು, ಹಿಂದಿನ-ಮುಂದಿನ ಫ್ರೇಮ್ ನೋಡಿ ಕಟ್ಟೋ ಬಿ-ಫ್ರೇಮ್ ಆಫ್, ಮೇಲಾಗಿ ಕೆಲವು ಮೊಬೈಲ್ ನೆಟ್‌ವರ್ಕಲ್ಲಿ ನೇರ ಕನೆಕ್ಷನ್ನೇ ಆಗಲ್ಲ, ಟರ್ನ್ ಅನ್ನೋ ಮಧ್ಯವರ್ತಿ ಸರ್ವರ್ ಮೂಲಕ ಸುತ್ತಿಸ್ಬೇಕು, ಅಷ್ಟೂ ಬ್ಯಾಂಡ್‌ವಿಡ್ತ್ ನಮ್ಮ ತಲೆ ಮೇಲೆ. ಆದ್ರೆ ಒಂದು ಗೇಟನ್ನ ಒಂದೇ ಹೊತ್ತಿಗೆ ನೋಡೋರು ಎಷ್ಟು ಜನ, ಒಬ್ರೋ ಇಬ್ರೋ. ಲಕ್ಷ ಜನಕ್ಕೆ ಮಾಡಿರೋ ವ್ಯವಸ್ಥೆ ಇಲ್ಲಿಗ್ಯಾಕೆ?

ಊಟಕ್ಕೆ ಕೂತಾಗ ಆರ್‌ಟಿಎಂಪಿ ಅನ್ನೋ ಹಳೇ ಪ್ರೋಟೋಕಾಲ್ ಹೆಸ್ರೂ ಬಂತು. 2020ರ ಕೊನೇಲಿ ಅದನ್ನ ಓಡಿಸ್ತಿದ್ದ ಫ್ಲ್ಯಾಶ್ ಪ್ಲೇಯರ್ ಹೋದ್ಮೇಲೆ ಬ್ರೌಸರಲ್ಲಿ ಅದನ್ನ ಪ್ಲೇ ಮಾಡೋರು ಯಾರು, ಈಗ ವಿಡಿಯೋನ ಸರ್ವರ್‌ಗೆ ತಳ್ಳೋಕೆ ಮಾತ್ರ. ಎಸ್‌ಆರ್‌ಟಿ ಅನ್ನೋ ಇನ್ನೊಂದು ಪ್ರೋಟೋಕಾಲೂ ಅಷ್ಟೇ, ಹಾಳು ನೆಟ್‌ವರ್ಕಲ್ಲಿ ಚೆನ್ನಾಗಿ ಸಾಗ್ಸತ್ತೆ, ಬ್ರೌಸರಲ್ಲಿ ಓಡಲ್ಲ.

ಕೊನೆಗೆ ಲೈವ್‌ಗೆ ವೆಬ್‌ಆರ್‌ಟಿಸಿ, ನಿನ್ನೆ ರಾತ್ರಿ ಯಾರು ಬಂದ್ರು ಅಂತ ನೋಡೋ ರೆಕಾರ್ಡಿಂಗ್‌ಗೆ ಎಚ್‌ಎಲ್‌ಎಸ್. ಟರ್ನ್ ಸರ್ವರ್ ಬಿಲ್ಲು ಯಾರ ಲೆಕ್ಕಕ್ಕೆ ಅಂತ ಗುರುವಾರದೊಳಗೆ ಅಸೋಸಿಯೇಷನ್ ಸೆಕ್ರೆಟರಿ ಹತ್ರ ಮಾತಾಡ್ಬೇಕು.